ಕೂಪನ್ನಿನಿಂದ ನೋಟಿನವರೆಗೆ: ನಕಲಿ ತಡೆಯುವ ಅಚ್ಚಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ನಮ್ಮದೊಂದು ಚಿಕ್ಕ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ರೈಸ್ ಮಿಲ್ಲಿನ ಚೀಟಿ, ಜಾತ್ರೆಯ ರಶೀದಿ, ನಾಟಕದ ಟಿಕೆಟ್ ಇವೇ ನಮ್ಮ ಕೆಲಸ. ನೋಟು, ಪಾಸ್‌ಪೋರ್ಟ್ ಅಚ್ಚು ಹಾಕುವ ಪ್ರೆಸ್‌ಗಳೇ ಬೇರೆ. ಆದರೂ "ಇದನ್ನ ಯಾರೂ ನಕಲು ಮಾಡಬಾರದು, ಹಂಗ ಮಾಡಿಕೊಡ್ರಿ" ಅಂತ ವಾರಕ್ಕೊಬ್ಬರಾದರೂ ಬರುತ್ತಾರೆ. ಕೊಪ್ಪಳ, ಸಿಂಧನೂರು, ಸಿರುಗುಪ್ಪದಿಂದ ಫೋನ್ ಬರುತ್ತವೆ, ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಕೇಳುತ್ತಾರೆ. ಆ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲ ಮಾತು

"ಕೂಪನ್ನಿಗೆ ನಂಬರ್ ಹಾಕಿದ್ರ ಸಾಕಲ್ಲೇನ್ರಿ? ಮತ್ತೇನು ಸೆಕ್ಯುರಿಟಿ ಬೇಕು?"

ನಂಬರ್ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಇದು ನಾನು ಪೆಟ್ಟು ತಿಂದು ಕಲಿತದ್ದು. ಪ್ರೆಸ್ ಶುರುವಾದ ಹೊಸತರಲ್ಲಿ ಒಂದು ನಾಟಕ ಕಂಪನಿಗೆ ಟಿಕೆಟ್ ಹಾಕಿಕೊಟ್ಟೆ. ಹಳದಿ ಕಾಗದ, ಕಪ್ಪು ಇಂಕು, ನಂಬರ್ ಕೂಡ ಅದೇ ಕಪ್ಪಿನಲ್ಲಿ. ಎರಡನೇ ಆಟಕ್ಕೆ ಒಂದೇ ನಂಬರಿನ ಟಿಕೆಟ್ ಹಿಡಿದುಕೊಂಡು ಮೂರು ಮೂರು ಜನ ಬಾಗಿಲಲ್ಲಿ ನಿಂತರು. ಯಾರೋ ಹಳದಿ ಕಾಗದ ತಂದು ಝೆರಾಕ್ಸ್ ಹೊಡೆದಿದ್ದರು, ಅಷ್ಟೇ. ದುಡ್ಡು ಕೊಟ್ಟು ನಿಜವಾದ ಟಿಕೆಟ್ ತಗೊಂಡಿದ್ದ ಒಂದು ಸಂಸಾರ ಮಕ್ಕಳನ್ನು ಕರೆದುಕೊಂಡು ವಾಪಸ್ ಹೋಯಿತು. ಅದನ್ನು ನಾನು ಕಣ್ಣಾರೆ ನೋಡಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಆವತ್ತು ಗೇಟಿನಲ್ಲಿದ್ದ ಹುಡುಗನಿಗೆ ಅಸಲಿ ಯಾವುದು, ನಕಲಿ ಯಾವುದು ಅಂತ ಹೇಳಲು ನಾನು ಏನೂ ಕೊಟ್ಟಿರಲಿಲ್ಲ. ಅದಕ್ಕೇ ಈಗ ಗಿರಾಕಿಯನ್ನು ಮೊದಲು ಕೇಳುವುದು, ಇದನ್ನು ಯಾರು ನೋಡುತ್ತಾರೆ, ಯಾವ ಬೆಳಕಿನಲ್ಲಿ, ಎಷ್ಟು ಹೊತ್ತು ಅಂತ. ಬೇಕಾದ ಇಂಕು, ಕಾಗದ ಆಮೇಲೆ ತೀರ್ಮಾನ ಮಾಡಿದರಾಯಿತು.

"ಕಲರ್ ಝೆರಾಕ್ಸ್ ಅಂತ ಬರಿಗಣ್ಣಲ್ಲೇ ಹೆಂಗ ಗೊತ್ತಾಗ್ತದ?"

ಬರಿಗಣ್ಣಲ್ಲಿ ಕಷ್ಟ. ಆದರೆ ವಾಚ್ ರಿಪೇರಿಯವರು ಇಟ್ಟುಕೊಳ್ಳುವಂಥ ಹತ್ತು ಪಟ್ಟಿನ ಭೂತಗನ್ನಡಿ ಇದ್ದರೆ ಬಹಳ ಸುಲಭ. ಅಸಲಿಯಲ್ಲಿ ಒಂದು ಹಸಿರು ಗೆರೆ ಇದ್ದರೆ ಅದು ಹಸಿರು ಇಂಕಿನಲ್ಲೇ ಎಳೆದ ಗಟ್ಟಿ ಗೆರೆ. ಕಲರ್ ಝೆರಾಕ್ಸ್ ಮಷಿನ್ನಿನಲ್ಲಿ ಹಸಿರು ಇಂಕೇ ಇಲ್ಲ. ಅದು ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆ ಸೇರಿಸಿ ಹಸಿರು ಅನ್ನಿಸುವ ಹಾಗೆ ಮಾಡುತ್ತದೆ. ಕನ್ನಡಿ ಇಟ್ಟು ನೋಡಿದರೆ ಗೆರೆ ಒಡೆದು ರಂಗೋಲಿ ಪುಡಿ ಚೆಲ್ಲಿದ ಹಾಗೆ ಕಾಣುತ್ತದೆ. ಕೂಪನ್ನಿಗೆ ನಾಲ್ಕು ಬಣ್ಣ ಕೂಡಿಸಿದ ಫೋಟೋಕ್ಕಿಂತ ಬೇರೆಯಾಗಿ ಕಲೆಸಿದ ಒಂದೇ ಬಣ್ಣದ ತೆಳು ಗೆರೆ ಒಳ್ಳೆಯದು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

"ಐನೂರರ ನೋಟು ಅಂಗಡಿಯಲ್ಲಿ ಹಿಡ್ಕೊಂಡು ಕೂಡಾಕ ಟೈಮ್ ಇಲ್ಲ. ಬೇಗ ನೋಡೋದು ಹೆಂಗ?"

ಮುಟ್ಟಿ, ಓರೆ ಮಾಡಿ, ಬೆಳಕಿಗೆ ಹಿಡಿಯಿರಿ. ಮೂರೂ ಸೇರಿ ಐದು ಸೆಕೆಂಡ್.

ಮುಟ್ಟುವಾಗ ನೋಟಿನ ಎಡ ಬಲ ಅಂಚಿನಲ್ಲಿ ಓರೆ ಗೆರೆಗಳ ಮೇಲೆ ಉಗುರು ಆಡಿಸಿ. ಐನೂರಕ್ಕೆ ಐದು ಗೆರೆ, ನೂರಕ್ಕೆ ನಾಲ್ಕು. ಕಣ್ಣು ಕಾಣದವರಿಗೂ ಗೊತ್ತಾಗಲಿ ಅಂತ ಇವನ್ನು ಉಬ್ಬಿಸಿರುತ್ತಾರೆ. ತಾಮ್ರ ಅಥವಾ ಉಕ್ಕಿನ ತಗಡಿನಲ್ಲಿ ಗೆರೆ ಕೊರೆದು, ಇಂಕು ತುಂಬಿ, ಭಾರೀ ಒತ್ತಡದಲ್ಲಿ ಕಾಗದಕ್ಕೆ ಒತ್ತಿದಾಗ ಈ ಉಬ್ಬು ಬರುತ್ತದೆ. ಸಾಮಾನ್ಯ ಆಫ್‌ಸೆಟ್ ಅಚ್ಚಿನಲ್ಲೂ ಬರುವುದಿಲ್ಲ, ಝೆರಾಕ್ಸಿನಲ್ಲೂ ಬರುವುದಿಲ್ಲ. ಓರೆ ಮಾಡಿದಾಗ ಐನೂರರ ನೋಟಿನ ಕಾಗದದೊಳಗೆ ಸೇರಿಸಿದ ಹೊಳೆಯುವ ಎಳೆ ಹಸಿರಿನಿಂದ ನೀಲಿಗೆ ತಿರುಗಬೇಕು. ಬೆಳಕಿಗೆ ಹಿಡಿದರೆ ಖಾಲಿ ಜಾಗದಲ್ಲಿ ಗಾಂಧೀಜಿ ಮುಖವೂ 500 ಅಂಕಿಯೂ ಕಾಣಬೇಕು. ಆ ಮುಖ ಕಾಗದದ ಒಳಗೇ ಇರುತ್ತದೆ, ಮೆಲ್ಲಗೆ ನೆರಳು ಬೆಳಕು ಬೆರೆತಿರುತ್ತದೆ. ನಕಲಿಯಲ್ಲಿ ಮೇಲೆ ಬಿಳಿ ಬಣ್ಣ ಅಥವಾ ಮೇಣ ಹಚ್ಚಿರುತ್ತಾರೆ, ಅಂಚು ಕತ್ತರಿಸಿದ ಹಾಗೆ ಗಟ್ಟಿಯಾಗಿ ಕಾಣುತ್ತದೆ.

ಇನ್ನೊಂದು ಮಾತು. ನೋಟಿನ ಕಾಗದ ಮರದ ತಿರುಳಿನದ್ದಲ್ಲ, ಹತ್ತಿಯದ್ದು. ರಾಯಚೂರು ಮಾರ್ಕೆಟ್ಟಿನಲ್ಲಿ ಹತ್ತಿ ಮುಟ್ಟಿ ಗೊತ್ತಿದ್ದವರಿಗೆ ಅದರ ಎಳೆಯ ಬಿಗಿ ಎಂಥದ್ದು ಅಂತ ಹೇಳಬೇಕಾಗಿಲ್ಲ. ನೋಟು ಚಟಪಟ ಅನ್ನುವುದು, ಜೇಬಿನಲ್ಲಿ ಒಗೆದರೂ ಹರಿಯದಿರುವುದು ಅದರಿಂದಲೇ. ಆ ಕಾಗದ ನಮ್ಮ ಮೈಸೂರಿನಲ್ಲೂ ತಯಾರಾಗುತ್ತದೆ, ನೋಟಿನ ಅಚ್ಚೂ ಅಲ್ಲಿ ಆಗುತ್ತದೆ.

"ಖೋಟಾ ನೋಟು ಬಂದ್ಬಿಟ್ಟದ. ಬ್ಯಾಂಕಿಗೆ ಒಯ್ದ್ರ ನನ್ನನ್ನೇ ಹಿಡೀತಾರಾ?"

ಗೊತ್ತಿಲ್ಲದೆ ಬಂದದ್ದನ್ನು ಬ್ಯಾಂಕಿಗೆ ಕೊಟ್ಟರೆ ಹೆದರುವಂಥದ್ದೇನಿಲ್ಲ. ಬ್ಯಾಂಕಿನವರು ನೋಟಿನ ಮೇಲೆ ಖೋಟಾ ಅಂತ ಮುದ್ರೆ ಒತ್ತಿ ಇಟ್ಟುಕೊಳ್ಳುತ್ತಾರೆ, ನಿಮಗೆ ರಶೀದಿ ಕೊಡುತ್ತಾರೆ. ಬದಲಿಗೆ ದುಡ್ಡು ಸಿಗುವುದಿಲ್ಲ. ಒಂದೇ ವ್ಯವಹಾರದಲ್ಲಿ ನಾಲ್ಕರವರೆಗೆ ಸಿಕ್ಕರೆ ತಿಂಗಳ ಕೊನೆಗೆ ಒಟ್ಟಾಗಿ ಪೊಲೀಸರಿಗೆ ವರದಿ ಹೋಗುತ್ತದೆ. ಐದು ಅಥವಾ ಹೆಚ್ಚು ಇದ್ದರೆ ಎಫ್‌ಐಆರ್ ಆಗುತ್ತದೆ. ತಪ್ಪಾಗುವುದು ಖೋಟಾ ಅಂತ ಗೊತ್ತಾದ ಮೇಲೂ ಸಂತೆಯಲ್ಲಿ ಇನ್ನೊಬ್ಬರಿಗೆ ದಾಟಿಸಿದಾಗ. ತರಕಾರಿ ಮಾರುವ ಅಜ್ಜಿಗೆ ಐನೂರು ರೂಪಾಯಿ ಅಂದರೆ ಅವತ್ತಿನ ಇಡೀ ದುಡಿಮೆ. ದಯವಿಟ್ಟು ಅದನ್ನು ಮಾಡಬೇಡಿ.

## ನಮ್ಮ ಕಡೆಯ ಕಾಗದಗಳು

"ಮಿಲ್ಲಿನ ತೂಕದ ಚೀಟಿಯಲ್ಲಿ 18 ಅನ್ನೋದನ್ನ 78 ಮಾಡ್ಯಾರ. ಇದಕ್ಕೇನು ಔಷಧಿ?"

ನಕಲಿ ಚೀಟಿ ಬೇರೆ, ಅಸಲಿ ಚೀಟಿ ತಿದ್ದುವುದು ಬೇರೆ. ಎರಡಕ್ಕೂ ಮದ್ದು ಬೇರೆ ಬೇರೆ. ಭತ್ತದ ಸುಗ್ಗಿಯಲ್ಲಿ ಗಂಗಾವತಿ, ಕಾರಟಗಿ ಕಡೆ ನಾನು ಜಾಸ್ತಿ ನೋಡುವುದು ತಿದ್ದುವುದನ್ನೇ.

ಮೊದಲಿಗೆ ತೂಕವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುವ ಜಾಗ ಇಡಿಸಿ. ಒಂದನ್ನು ಏಳು ಮಾಡಬಹುದು, 'ಹದಿನೆಂಟು' ಅನ್ನುವುದನ್ನು 'ಎಪ್ಪತ್ತೆಂಟು' ಮಾಡಲು ಆಗುವುದಿಲ್ಲ. ಎರಡನೆಯದು, ಕಾರ್ಬನ್ ಇಲ್ಲದ ಮೂರು ಪ್ರತಿಯ ಪುಸ್ತಕ. ಒಂದು ಪ್ರತಿ ರೈತನಿಗೆ, ಒಂದು ಲೆಕ್ಕಕ್ಕೆ, ಒಂದು ಪುಸ್ತಕದಲ್ಲೇ ಉಳಿಯಬೇಕು. ಮೇಲಿನದನ್ನು ತಿದ್ದಿದರೂ ಕೆಳಗಿನದು ಸಾಕ್ಷಿ ಹೇಳುತ್ತದೆ. ಮೂರನೆಯದು, ಅಂಕಿ ಬರೆಯುವ ಜಾಗಕ್ಕೆ ಬಹಳ ತಿಳಿ ಬಣ್ಣದ ಸಣ್ಣ ಗೆರೆಗಳ ನೆಲೆ ಹಾಕಿಸಿ. ರಬ್ಬರಿನಲ್ಲಿ ಉಜ್ಜಿದರೆ, ಬ್ಲೇಡಿನಲ್ಲಿ ಕೆರೆದರೆ ಮೊದಲು ಆ ನೆಲೆ ಹೋಗಿ ಬಿಳಿ ಗಾಯ ಕಾಣುತ್ತದೆ.

ಕಂಪ್ಯೂಟರ್ ಕಾಟಾದ ಚೀಟಿ ಥರ್ಮಲ್ ಕಾಗದದ್ದಾದರೆ ಅವತ್ತೇ ಫೋಟೋ ತೆಗೆದುಕೊಳ್ಳಿ. ಬಿಸಿಲಿಗೆ, ಬೆವರಿಗೆ ಅದು ಕೆಲವೇ ತಿಂಗಳಲ್ಲಿ ಬಿಳಿ ಹಾಳೆ ಆಗುತ್ತದೆ. ನಮ್ಮ ಕಡೆಯ ಬಿಸಿಲಂತೂ ಗೊತ್ತಲ್ವಾ.

"ಹತ್ತಿ ಬೀಜದ ಪಾಕೀಟು ಅಸಲಿ ಅಂತ ನಂಬೋದು ಹೆಂಗ?"

ರಾಯಚೂರು ಕಡೆಯಿಂದ ಬರುವ ಈ ಪ್ರಶ್ನೆಗೆ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡುತ್ತೇನೆ. ಖೋಟಾ ನೋಟು ಬಂದರೆ ಐನೂರು ಹೋಗುತ್ತದೆ. ಕಳ್ಳ ಬೀಜ ಬಂದರೆ ಒಂದು ಇಡೀ ಮುಂಗಾರು ಹೋಗುತ್ತದೆ, ಸಾಲ ಉಳಿಯುತ್ತದೆ.

ಮೊದಲು ಟ್ಯಾಗಿನ ಬಣ್ಣ ನೋಡಿ. ತಳಿ ಬೆಳೆಸುವವರ ಬೀಜಕ್ಕೆ ಬಂಗಾರದ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ತಿಳಿ ನೀಲಿ. ಕಂಪನಿಯವರೇ ತಮ್ಮ ಹೊಣೆಯಲ್ಲಿ ಮಾರುವ ಬೀಜಕ್ಕೆ ಹಸಿರು ಲೇಬಲ್. ಹೈಬ್ರಿಡ್ ಹತ್ತಿ ಹೆಚ್ಚಾಗಿ ಈ ಹಸಿರಿನಲ್ಲೇ ಬರುತ್ತದೆ. ಹಸಿರು ಲೇಬಲ್ ಹಚ್ಚಿ "ಇದು ಸರ್ಕಾರ ಪ್ರಮಾಣ ಮಾಡಿದ್ದು" ಅಂತ ಯಾರಾದರೂ ಅಂದರೆ ಅಲ್ಲೇ ಅನುಮಾನ ಪಡಿ.

ಆಮೇಲೆ ಹೊಲಿಗೆ. ಚೀಲದ ಬಾಯಿಯ ದಾರ ಬಿಚ್ಚಿ ಮತ್ತೆ ಹೊಲಿದಿದ್ದರೆ ಹಳೇ ಸೂಜಿ ತೂತುಗಳು ಪಕ್ಕದಲ್ಲೇ ಖಾಲಿ ಉಳಿದಿರುತ್ತವೆ. ಬೆರಳಿಟ್ಟು ನೋಡಿ. ಪ್ಲಾಸ್ಟಿಕ್ ಪಾಕೀಟಾದರೆ ಬಿಸಿ ಒತ್ತಿದ ಗುರುತು ಒಂದೇ ಸಾಲಿನಲ್ಲಿರಬೇಕು, ಎರಡು ಸಾಲು ಇದ್ದರೆ ಯಾರೋ ತೆಗೆದಿದ್ದಾರೆ. ಲಾಟ್ ನಂಬರ್ ಮತ್ತು ಅವಧಿಯ ತಾರೀಖನ್ನು ಉಗುರಿನಿಂದ ಉಜ್ಜಿ, ಕೆಳಗೆ ಇನ್ನೊಂದು ತಾರೀಖು ಇದೆಯಾ ನೋಡಿ. ಬೀಜದ ಮೂಲ ಹುಡುಕಲು ಕೇಂದ್ರ ಸರ್ಕಾರ 2023ರಲ್ಲಿ ಸಾಥಿ ಅನ್ನುವ ವ್ಯವಸ್ಥೆ ಶುರು ಮಾಡಿದೆ. ಪಾಕೀಟಿನ ಮೇಲೆ ಅದರ ಕ್ಯೂಆರ್ ಇದ್ದರೆ ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ, ಮನೆಗೆ ಬಂದ ಮೇಲಲ್ಲ.

ಲಾಟ್ ನಂಬರ್ ಬರೆದ ಬಿಲ್ ಇಲ್ಲದೆ ಬೀಜ ತರಬೇಡಿ. ಖಾಲಿ ಪಾಕೀಟು, ಟ್ಯಾಗು, ಹಿಡಿ ಬೀಜ ಬೆಳೆ ಬರುವವರೆಗೂ ಇಟ್ಟುಕೊಳ್ಳಿ. ಕೃಷಿ ಇಲಾಖೆಗೆ ದೂರು ಕೊಡುವಾಗ ನಿಮ್ಮ ಕೈಯಲ್ಲಿರುವ ಪುರಾವೆ ಇವೇ.

"ಸ್ಟಾಂಪ್ ಪೇಪರ್ ಅಸಲಿ ಅಂತ ಹೇಳೋದು ಯಾರು?"

ನಂಬರ್ ಹೇಳುತ್ತದೆ. ಹಳೇ ಕಾಲದ ಛಾಪಾ ಕಾಗದಕ್ಕೆ ಕಾಗದವೇ ಸಾಕ್ಷಿಯಾಗಿತ್ತು. ಖಾನಾಪುರದ ಅಬ್ದುಲ್ ಕರೀಮ್ ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಹೊರಬಂದಾಗ ಆ ನಂಬಿಕೆ ಮುರಿದುಬಿತ್ತು. ಅವನನ್ನು 2001ರಲ್ಲಿ ಹಿಡಿದರು. ಕಾಗದ, ಇಂಕು, ಅಚ್ಚಿನ ಮಷಿನ್ನು ತಪ್ಪು ಕೈಗೆ ಹೋದರೆ ನೋಡುವವರಿಗೆ ವ್ಯತ್ಯಾಸ ಕಾಣುವುದೇ ಇಲ್ಲ ಅನ್ನುವುದು ಆಗ ದೇಶಕ್ಕೆಲ್ಲ ಗೊತ್ತಾಯಿತು. ಸ್ಟಾಕ್ ಹೋಲ್ಡಿಂಗ್ ಕಾರ್ಪೊರೇಷನ್ ಮೂಲಕ ಕೊಟ್ಟ ಇ-ಸ್ಟಾಂಪ್ ಹಾಳೆಯಲ್ಲಿ ಒಂದು ಸರ್ಟಿಫಿಕೇಟ್ ನಂಬರ್ ಇರುತ್ತದೆ. ಅದನ್ನು ಆ ಕಾರ್ಪೊರೇಷನ್ನಿನ ವೆಬ್‌ಸೈಟಿನಲ್ಲಿ ಹಾಕಿ, ಎರಡೂ ಕಡೆಯವರ ಹೆಸರು, ಮೊತ್ತ, ತಾರೀಖು ಹೊಂದುತ್ತಾ ನೋಡಿ. ಹೊಲದ ಕರಾರಿಗೆ ಸಹಿ ಹಾಕುವ ಮೊದಲು ನೋಡಿ.

"ಜಾತಿ ಆದಾಯ ಸರ್ಟಿಫಿಕೇಟು, ಅಂಕಪಟ್ಟಿ?"

ನಾಡಕಚೇರಿಯ ಸರ್ಟಿಫಿಕೇಟಿನಲ್ಲಿ ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತದೆ, ಅದನ್ನು ನಾಡಕಚೇರಿ ವೆಬ್‌ಸೈಟಿನಲ್ಲಿ ಹಾಕಿದರೆ ಗೊತ್ತಾಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಡಿಜಿಲಾಕರಿನಲ್ಲಿ ಸಿಗುತ್ತದೆ. ಕೆಲಸಕ್ಕೆ ತೆಗೆದುಕೊಳ್ಳುವವರು ಲ್ಯಾಮಿನೇಷನ್ ಮಾಡಿದ ಪ್ರತಿ ನೋಡಿ ಸುಮ್ಮನಾಗಬಾರದು. ಪ್ಲಾಸ್ಟಿಕ್ಕಿನ ಕೆಳಗೆ ಕಾಗದದ ಉಬ್ಬು, ಒರಟು ಯಾವುದೂ ಕೈಗೆ ಸಿಗುವುದಿಲ್ಲ. ಅಸಲಿ ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಲೇಬೇಡಿ.

"ಚೆಕ್ ಝೆರಾಕ್ಸ್ ಹೊಡೆದಾಗ ವಾಯ್ಡ್ ಅಂತ ಬರ್ತದಲ್ಲ, ಅದನ್ನ ನಮ್ಮ ಕೂಪನ್ನಿಗೂ ಹಾಕ್ತೀರಾ?"

ಹಾಕಬಹುದು. ಚೆಕ್ಕಿನ ನೆಲೆಯಲ್ಲಿ ದೊಡ್ಡ ಚುಕ್ಕೆ, ಸಣ್ಣ ಚುಕ್ಕೆ ಎರಡನ್ನೂ ಕಣ್ಣಿಗೆ ಒಂದೇ ಬಣ್ಣ ಅನ್ನಿಸುವ ಹಾಗೆ ಹೊಂದಿಸಿರುತ್ತಾರೆ. ಝೆರಾಕ್ಸ್ ಮಷಿನ್ ದೊಡ್ಡ ಚುಕ್ಕೆ ಹಿಡಿಯುತ್ತದೆ, ಸಣ್ಣದನ್ನು ಬಿಟ್ಟುಬಿಡುತ್ತದೆ. ಆಗ ಅಡಗಿದ್ದ 'ವಾಯ್ಡ್', ಅಂದರೆ ರದ್ದು, ಅನ್ನುವ ಅಕ್ಷರ ಎದ್ದು ಬರುತ್ತದೆ. ಆದರೆ ಒಳ್ಳೇ ಸ್ಕ್ಯಾನರ್ ಇಟ್ಟುಕೊಂಡು ಸೆಟ್ಟಿಂಗ್ ಬದಲಿಸಿದರೆ ಕೆಲವೊಮ್ಮೆ ಬರುವುದಿಲ್ಲ. ಹಾಗಾಗಿ ಇದೊಂದನ್ನೇ ನಂಬಿ ಕೂರಬಾರದು. ಅಚ್ಚು ಹಾಕುವ ಮೊದಲು ಊರಿನ ನಾಲ್ಕು ಝೆರಾಕ್ಸ್ ಅಂಗಡಿಗೆ ಪ್ರೂಫ್ ಒಯ್ದು ಪರೀಕ್ಷೆ ಮಾಡಿಸುತ್ತೇನೆ.

## ಸ್ವಲ್ಪ ಒಳಕ್ಕೆ ಹೋದರೆ

"ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರ ನಿಮ್ಮ ಮಷಿನ್ನಿನಲ್ಲಿ ಬರ್ತದಾ? ಕನ್ನಡದಲ್ಲಿ?"

ಬರುತ್ತದೆ, ಸ್ವಲ್ಪ ಹುಷಾರಾಗಿ ಮಾಡಬೇಕು. ಬರಿಗಣ್ಣಿಗೆ ಅದು ಒಂದು ಗೆರೆ, ಕನ್ನಡಿ ಇಟ್ಟರೆ ಅಕ್ಷರಗಳ ಸಾಲು. ಝೆರಾಕ್ಸ್ ಹೊಡೆದರೆ ಮಸುಕು ಗೆರೆಯಾಗಿ ಉಳಿಯುತ್ತದೆ. ಹೊಸ ನೋಟುಗಳಲ್ಲೂ ಇದು ಇದೆ.

ಕನ್ನಡಕ್ಕೆ ಬಂದರೆ ತೊಂದರೆ ಒತ್ತಕ್ಷರದ್ದು. ಮೊದಲ ಸಲ 'ಕೊಪ್ಪಳ' ಅಂತ ಹಾಕಿದೆ. ಪ ಕೆಳಗಿನ ಒತ್ತು ಇಂಕು ಕುಡಿದು ಉಂಡೆಯಾಯಿತು. 'ಬಳ್ಳಾರಿ'ಯೂ ಹಾಗೇ. 'ಗಂಗಾವತಿ', 'ರಾಯಚೂರು' ಚೊಕ್ಕವಾಗಿ ಬಂದವು, ಒತ್ತೇ ಇಲ್ಲವಲ್ಲ! ಈಗ ಒತ್ತಿಲ್ಲದ ಪದ ಆರಿಸುತ್ತೇನೆ, ಅಕ್ಷರದ ಹೊಟ್ಟೆಯೊಳಗಿನ ಬಿಳಿ ಮುಚ್ಚದ ಹಾಗೆ ತೆಳು ಫಾಂಟ್ ಬಳಸುತ್ತೇನೆ, ನುಣುಪು ಕಾಗದ ಹಾಕುತ್ತೇನೆ. ನಡುವೆ ಒಂದು ಕಡೆ ಬೇಕಂತಲೇ ಒಂದಕ್ಷರ ತಪ್ಪಿಸುತ್ತೇನೆ. ಎಲ್ಲಿ ಅಂತ ಗಿರಾಕಿಗೆ ಮತ್ತು ನನಗೆ ಮಾತ್ರ ಗೊತ್ತು. ನಕಲಿ ಮಾಡುವವರು ಹೊಸದಾಗಿ ಟೈಪ್ ಮಾಡಿಸಿದರೆ ಆ ತಪ್ಪನ್ನು ಸರಿ ಮಾಡಿಬಿಡುತ್ತಾರೆ, ಅಲ್ಲಿ ಸಿಕ್ಕಿಬೀಳುತ್ತಾರೆ.

"ಲೈಟ್ ಹಾಕಿದ್ರ ಮಾತ್ರ ಕಾಣೋ ಇಂಕು ಹಾಕ್ರಿ."

ಯುವಿ ಇಂಕು ಒಳ್ಳೆಯದೇ. ಆದರೆ ಗೇಟಿನಲ್ಲಿ ಆ ನೇರಳೆ ಬೆಳಕಿನ ಟಾರ್ಚು ಇರಬೇಕು, ಹಗಲು ಬಿಸಿಲಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಕಾಗದದ ಆಯ್ಕೆ ಇನ್ನೂ ಮುಖ್ಯ. ಸಾಮಾನ್ಯ ಬಿಳಿ ಕಾಗದಕ್ಕೆ ಹೊಳಪಿನ ರಾಸಾಯನಿಕ ಬೆರೆಸಿರುವುದರಿಂದ ಆ ಬೆಳಕಿನಲ್ಲಿ ಇಡೀ ಹಾಳೆಯೇ ನೀಲಿಯಾಗಿ ಉರಿಯುತ್ತದೆ, ನಮ್ಮ ಗುಟ್ಟಿನ ಗುರುತು ಅದರಲ್ಲಿ ಮುಳುಗಿಹೋಗುತ್ತದೆ. ನೋಟಿನ ಕಾಗದ ಹಾಗೆ ಹೊಳೆಯುವುದಿಲ್ಲ. ಹೊಳಪು ಬೆರೆಸದ ಕಾಗದ ಸಿಕ್ಕರೆ ಮಾತ್ರ ಈ ಕೆಲಸ ಒಪ್ಪಿಕೊಳ್ಳುತ್ತೇನೆ.

"ಹೊಲೊಗ್ರಾಮ್ ಹಚ್ಚಿಬಿಟ್ರ ಮುಗೀತಲ್ಲ?"

ಮಾರ್ಕೆಟ್ಟಿನಲ್ಲಿ ರೆಡಿ ಸಿಗುವ 'ಜೆನ್ಯೂಯಿನ್' ಅಂತ ಬರೆದ ಹೊಲೊಗ್ರಾಮ್ ಯಾರು ಬೇಕಾದರೂ ಕೊಳ್ಳಬಹುದು. ಅದಕ್ಕೆ ದುಡ್ಡು ಹಾಕಬೇಡಿ. ನಿಮ್ಮದೇ ಗುರುತಿನ ಅಚ್ಚು ಮಾಡಿಸಿದರೆ ಮಾತ್ರ ಅರ್ಥ.

"ಕ್ಯೂಆರ್ ಕೋಡ್ ಹಾಕಿದ ಮೇಲೆ ನಕಲಿ ಹೆಂಗಾಗ್ತದ?"

ಕ್ಯೂಆರ್ ಕೂಡ ಒಂದು ಚಿತ್ರವೇ. ಅದನ್ನೂ ಫೋಟೋ ಹೊಡೆಯಬಹುದು. ಬರೀ ಹೆಸರು, ನಂಬರ್ ತುಂಬಿದ ಕೋಡ್ ಯಾರು ಬೇಕಾದರೂ ಮೊಬೈಲಿನಲ್ಲಿ ಮಾಡುತ್ತಾರೆ. ವೆಬ್‌ಸೈಟಿಗೆ ಹೋಗುವ ಕೋಡ್ ಆದರೆ, ಅಸಲಿ ಹೆಸರನ್ನೇ ಹೋಲುವ ಕಳ್ಳ ವೆಬ್‌ಸೈಟಿಗೆ ಕರೆದುಕೊಂಡು ಹೋಗಬಹುದು. ಬಲ ಇರುವುದು ಡಿಜಿಟಲ್ ಸಹಿ ಇರುವ ಕೋಡಿಗೆ. ಆಧಾರ್ ಕಾರ್ಡಿನ ಕ್ಯೂಆರ್ ಅಂಥದ್ದು. ಒಳಗಿನ ಒಂದಕ್ಷರ ಬದಲಿಸಿದರೂ ಅದರದೇ ಆ್ಯಪ್ ಒಪ್ಪುವುದಿಲ್ಲ. ಆಗಲೂ ಸ್ಕ್ಯಾನ್‌ನಲ್ಲಿ ಬಂದ ಹೆಸರು, ಫೋಟೋ ಎದುರಿಗಿರುವ ಮನುಷ್ಯನಿಗೆ ಹೊಂದುತ್ತಾ ಅಂತ ನೀವೇ ನೋಡಬೇಕು.

"ಇಂಟರ್ನೆಟ್ ಇಲ್ಲದ ಹಳ್ಳಿಯಲ್ಲಿ ನಂಬರಿನಿಂದಲೇ ಕಳ್ಳ ಕೂಪನ್ ಹಿಡಿಯೋಕಾಗ್ತದಾ?"

ಆಗುತ್ತದೆ, ಕೊನೆಗೊಂದು ಕಾವಲು ಅಂಕಿ ಸೇರಿಸಿದರೆ. ಕೂಪನ್ ನಂಬರ್ 4273 ಅಂತಿಟ್ಟುಕೊಳ್ಳಿ. ಮೊದಲ ಅಂಕಿಯನ್ನು ಒಂದರಿಂದ, ಎರಡನೆಯದನ್ನು ಎರಡರಿಂದ, ಹೀಗೆ ಗುಣಿಸಿ ಕೂಡಿಸಿ: 4, 4, 21, 12. ಒಟ್ಟು 41. ಕೊನೆಯ ಅಂಕಿ 1. ಹಾಗಾಗಿ ಕೂಪನ್ ಮೇಲೆ 42731 ಅಂತ ಅಚ್ಚಾಗುತ್ತದೆ. ಯಾರಾದರೂ ಸುಮ್ನೆ 42745 ಅಂತ ಹಾಕಿಕೊಂಡು ಬಂದರೆ, 4274ಕ್ಕೆ ಒಟ್ಟು 45, ಕಾವಲು ಅಂಕಿ 5, ಅದು ಹೊಂದಿಬಿಟ್ಟಿತು! ಹತ್ತರಲ್ಲಿ ಒಂದು ಸಲ ಹೀಗೆ ಅದೃಷ್ಟದಿಂದ ಹೊಂದುತ್ತದೆ. 42746 ಅಂದಿದ್ದರೆ ಸಿಕ್ಕಿಬೀಳುತ್ತಿದ್ದ. ಅದಕ್ಕೇ ನಾನು ಕಾವಲಿಗೆ ಎರಡು ಅಂಕಿ ಇಡುತ್ತೇನೆ, ಗುಣಿಸುವ ಅಂಕಿಗಳನ್ನೂ ಗುಟ್ಟಾಗಿ ಬದಲಿಸುತ್ತೇನೆ. ಇಷ್ಟಾದರೂ ಅಸಲಿ ನಂಬರನ್ನೇ ನಕಲು ಮಾಡಿದರೆ ಇದು ಹಿಡಿಯುವುದಿಲ್ಲ. ಬಂದ ನಂಬರನ್ನು ಪಟ್ಟಿಯಲ್ಲಿ ಹೊಡೆದುಹಾಕುವವನೊಬ್ಬ ಗೇಟಿನಲ್ಲಿ ಕೂರಲೇಬೇಕು.

## ಪ್ರೆಸ್ಸಿನವರು ಕೇಳುವವು

"ಗುರುತಿನವರೇ ಬಂದು 'ಕಳೆದುಹೋದ ಅಂಕಪಟ್ಟಿ, ಅದೇ ಥರ ಹೊಡ್ದು ಕೊಡಣ್ಣಾ' ಅಂದ್ರ ಏನು ಮಾಡ್ತೀರಿ?"

ಕೂರಿಸಿ ಚಹಾ ಕೊಟ್ಟು, ಇಲ್ಲ ಅನ್ನುತ್ತೇನೆ. ಎರಡನೇ ಪ್ರತಿಗೆ ಪರೀಕ್ಷಾ ಮಂಡಳಿಗೆ ಅರ್ಜಿ ಹೇಗೆ ಹಾಕಬೇಕು ಅಂತ ಹೇಳಿಕೊಡುತ್ತೇನೆ, ಬೇಕಾದರೆ ನಾನೇ ಬರೆದುಕೊಡುತ್ತೇನೆ. ಮೋಸಕ್ಕೆ ಬಳಸಲೆಂದು ದಾಖಲೆ ಸೃಷ್ಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 336ನೇ ಕಲಮಿನಲ್ಲಿ ಏಳು ವರ್ಷದವರೆಗೆ ಜೈಲು. ನೋಟಿನ ಖೋಟಾ ಮಾಡಿದರೆ 178ನೇ ಕಲಮಿನಲ್ಲಿ ಜೀವಾವಧಿಯವರೆಗೂ ಹೋಗಬಹುದು. ನೋಟಿನ ಹಾಗೇ ಕಾಣುವ ಲಗ್ನಪತ್ರಿಕೆ, ಜಾಹೀರಾತು ಚೀಟಿ ಕೇಳುವವರೂ ಇದ್ದಾರೆ. ಅದು ತಮಾಷೆಗಾದರೂ 182ನೇ ಕಲಮಿನಲ್ಲಿ ತಪ್ಪು. ಸಿಂಹದ ಲಾಂಛನಕ್ಕೂ 2005ರ ಪ್ರತ್ಯೇಕ ಕಾಯ್ದೆ ಇದೆ, ಕಂಡಕಂಡಲ್ಲಿ ಹಾಕುವ ಹಾಗಿಲ್ಲ.

"ಎಲೆಕ್ಷನ್ ಕರಪತ್ರದ ಕೆಳಗೆ ಪ್ರೆಸ್ಸಿನ ಹೆಸರು ಬೇಡ ಅಂತಾರಲ್ಲ?"

ಒಪ್ಪಬೇಡಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕರು ಸಹಿ ಮಾಡಿದ ಹೇಳಿಕೆಯನ್ನು ಅವರನ್ನು ಬಲ್ಲ ಇಬ್ಬರ ಸಾಕ್ಷಿಯೊಂದಿಗೆ ತಗೊಳ್ಳಿ. ಅಚ್ಚಾದ ಮೇಲೆ ಹೇಳಿಕೆ ಮತ್ತು ಒಂದು ಪ್ರತಿ ಜಿಲ್ಲಾ ದಂಡಾಧಿಕಾರಿಗೆ ಹೋಗಬೇಕು.

"ಇಷ್ಟೆಲ್ಲ ಮಾಡಿದ ಮೇಲೂ ನಮ್ಮ ಪ್ರೆಸ್ಸಿನಿಂದಲೇ ಹಾಳೆ ಹೊರಗೆ ಹೋದ್ರೆ?"

ಅದನ್ನೇ ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು. ಬಾಗಿಲು ಹಾಕುವ ಮುಂಚೆ ಹಾಳೆ ಎಣಿಸುತ್ತೇವೆ. ಮಷಿನ್ನಿಗೆ ಹೋದದ್ದು 1,100 ಅಂದರೆ, ಒಳ್ಳೆಯದು ಮತ್ತು ವೇಸ್ಟು ಸೇರಿ 1,100 ಆಗಬೇಕು. ಒಂದು ಕಡಿಮೆಯಾದರೂ ಯಾರೂ ಮನೆಗೆ ಹೋಗುವುದಿಲ್ಲ, ಮಷಿನ್ ಕೆಳಗೆ, ಕಟಿಂಗ್ ಟೇಬಲ್ ಹಿಂದೆ, ಕಸದ ಬುಟ್ಟಿಯಲ್ಲಿ ಹುಡುಕುತ್ತೇವೆ. ಸರಿಯಾಗಿ ಬಣ್ಣ ಹಿಡಿಯದ ಮೊದಲ ಹಾಳೆಗಳೇ ಅಪಾಯ, ಯಾಕಂದರೆ ಅವುಗಳಿಗೆ ಇನ್ನೂ ನಂಬರ್ ಬಿದ್ದಿರುವುದಿಲ್ಲ. ಪ್ಲೇಟಿಗೆ ಅಡ್ಡಡ್ಡ ಗೀರು ಎಳೆದು ಗಿರಾಕಿಯ ಎದುರೇ ಮಡಚುತ್ತೇವೆ. ಡಿಸೈನ್ ಫೈಲು ಆಪರೇಟರ್ ಹುಡುಗನ ಪೆನ್‌ಡ್ರೈವಿನಲ್ಲಿ ಉಳಿಯಬಾರದು, ಅದನ್ನು ಅವನಿಗೆ ಪ್ರೀತಿಯಿಂದಲೇ ಹೇಳಿ ಅಳಿಸಿಸುತ್ತೇವೆ. ವೇಸ್ಟ್ ಹಾಳೆಗಳನ್ನು ಮಿರ್ಚಿ ಕಟ್ಟುವ ಅಂಗಡಿಗೆ ತೂಕಕ್ಕೆ ಹಾಕುವುದು ನಮ್ಮ ಕಡೆಯ ಹಳೇ ರೂಢಿ. ಕೂಪನ್, ರಶೀದಿ ಕೆಲಸದ ಹಾಳೆ ಮಾತ್ರ ಹಾಗೆ ಹಾಕುವುದಿಲ್ಲ. ಕಟಿಂಗ್ ಮಷಿನ್ನಿನಲ್ಲಿ ಬೆರಳಗಲ ಪಟ್ಟಿ ಮಾಡಿ, ಹಿತ್ತಲಲ್ಲಿ ಸುಟ್ಟು, ಎಷ್ಟು ಸುಟ್ಟೆವು ಅಂತ ಪುಸ್ತಕದಲ್ಲಿ ಬರೆದು ಗಿರಾಕಿಯ ಸಹಿ ಹಾಕಿಸಿಕೊಳ್ಳುತ್ತೇನೆ.